ಇಡೀ ಡಬ್ಬಿ ಕಡಲೆ

ಸೆಪ್ಟೆಂಬರ್ 3, ಬುಧವಾರ

ಅಕ್ಕಾ, ಕಣ್ಣಿನ ಪೊರೆ ತೆಗೆಸಿದ ಮೇಲೆ ಸೂಜಿಗೆ ದಾರ ಪೋಣಿಸಲು ಆಗುತ್ತಿದೆಯೇ? ಭಾವನ ಮೊಣಕಾಲು ಮೆಟ್ಟಿಲು ಹತ್ತುವಾಗ ಈಗಲೂ ಕಟಕಟ ಅನ್ನುತ್ತದೆಯೇ, ಇಲ್ಲ ಎಣ್ಣೆ ತಿಕ್ಕಿಸಿಕೊಂಡು ತೆಪ್ಪಗಿದೆಯೇ? ನಿನ್ನ ಮಗ, ನಮ್ಮ ಲಾರಿ ಸರದಾರ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆಯೇ? ನಿನ್ನ ಮೊಮ್ಮಗಳು ಗುಬ್ಬಿಯ ಮುಂದಿನ ಹಲ್ಲು ಬಿದ್ದಿದೆಯಂತೆ, ಈಗ ನನ್ನ ಹಾಗೇ ಕಾಣುತ್ತಾಳೆ ಎಂದು ಹೇಳು. ನಿಮ್ಮ ಮುದಿ ಬೆಕ್ಕು ಇನ್ನೂ ಇದ್ದರೆ ಅದನ್ನೂ ಕೇಳಿದೆನೆಂದು ಹೇಳು.

ಇಲ್ಲಿ ನಾವೆಲ್ಲ ಗಟ್ಟಿಮುಟ್ಟಾಗಿದ್ದೇವೆ.

ಇದನ್ನೆಲ್ಲ ಮೊದಲು ಈ ರೂಲು ಪುಸ್ತಕದಲ್ಲಿ ಬರೆದುಕೊಂಡು, ಆಮೇಲೆ ಬೇಕಾದಷ್ಟನ್ನು ಮಾತ್ರ ಕಾರ್ಡಿಗೆ ಇಳಿಸುತ್ತೇನೆ. ನಾನು ಅಕ್ಷರ ಕಲಿತದ್ದೇ ನಲವತ್ತು ದಾಟಿದ ಮೇಲೆ, ಅದೂ ನೂಲಿನ ಗಿರಣಿಯ ಕ್ಯಾಂಟೀನಿನ ಕರಿಹಲಗೆ ನೋಡಿ ನೋಡಿ. ನಾನು ಓದಿದ ಮೊದಲ ಪದ 'ಬೇಳೆ'. ಹಾಗಾಗಿ ಒಂದು ಮಾತು ಹೇಳಲು ಹತ್ತು ಮಾತು ಬರೆಯುತ್ತೇನೆ. ಕಾರ್ಡಿನಲ್ಲಿ ಜಾಗ ಅಂಗೈ ಅಗಲ. ಮಿಕ್ಕದ್ದು ಇಲ್ಲೇ ಬಿದ್ದಿರಲಿ, ಯಾರು ನೋಡುತ್ತಾರೆ.

ವಿಷಯ ಇಷ್ಟು. ಮಗ ಫಿಟ್ಟರ್ ಆಗಿದ್ದ ಬಾಟಲಿ ಕಾರ್ಖಾನೆಗೆ ಬೀಗ ಬಿದ್ದು ಎರಡು ತಿಂಗಳಾಯಿತು. ಅವನು ದಿನಾ ಬೆಳಿಗ್ಗೆ ಅಂಗಿ ಹಾಕಿಕೊಂಡು ಕೆಲಸ ಕೇಳಲು ಹೋಗುತ್ತಾನೆ, ಮಧ್ಯಾಹ್ನ ಬಂದು ಅದೇ ಅಂಗಿ ಮೊಳೆಗೆ ತಗುಲಿಸಿ ಗೋಡೆ ನೋಡುತ್ತ ಕೂರುತ್ತಾನೆ. ಸೊಸೆಗೆ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಕೆಲಸ ಸಿಕ್ಕಿದೆ. ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಆರಕ್ಕೆ ಬರುತ್ತಾಳೆ. ನಾಳೆಯಿಂದ ಅಡಿಗೆ ನನ್ನ ಪಾಲಿಗೆ.

ಈಗ ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ. ನಾನು ನಿನ್ನ ಮನೆಗೆ ಬಂದುಬಿಡಲೇ? ಇವರು ಯಾರೂ ಒಂದು ಮಾತು ಅಂದಿಲ್ಲ, ಅನ್ನುವವರೂ ಅಲ್ಲ. ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಹಾಸಿಗೆ ಚಿಕ್ಕದಾಗಿದೆ. ಹೊರಗೆ ಇಣುಕುತ್ತಿರುವ ಕಾಲು ನನ್ನದೇ ಅನ್ನಿಸುತ್ತದೆ. ನಾಲ್ಕು ತಟ್ಟೆಯ ಜಾಗದಲ್ಲಿ ಮೂರಾದರೆ ಮೊಮ್ಮಗಳ ತಟ್ಟೆ ಸ್ವಲ್ಪ ತುಂಬೀತು. ಅವಳಿಗೆ ಒಂಬತ್ತು ವರ್ಷ, ಬೆಳೆಯುವ ಹೊಟ್ಟೆ. ಕೂತಲ್ಲಿ ಕೂರದೆ ಚಟಪಟ ಅನ್ನುವುದರಿಂದ ನಾವು ಅವಳನ್ನು ಚಿನಕುರುಳಿ ಅನ್ನುತ್ತೇವೆ.

ಮಗನಿಗೆ ಇನ್ನೂ ಹೇಳಿಲ್ಲ. ನಿನ್ನ ಉತ್ತರ ಬರಲಿ, ಆಮೇಲೆ ಹೇಳುತ್ತೇನೆ.

ಸೆಪ್ಟೆಂಬರ್ 4, ಗುರುವಾರ

ಕೈ ನನ್ನ ಮಾತು ಕೇಳಲಿಲ್ಲ.

ಮೂವತ್ತೊಂದು ವರ್ಷ ಮುನ್ನೂರು ಜನಕ್ಕೆ ಬೇಯಿಸಿದ ಕೈ. ನಾಲ್ಕು ಜನಕ್ಕೆ ಬೇಳೆ ಅಂದರೆ ಎಷ್ಟು ಅಂತ ಅದಕ್ಕೆ ಗೊತ್ತೇ ಇಲ್ಲ. ಮನಸ್ಸಿನಲ್ಲಿ ಭಾಗಾಕಾರ ಮಾಡಿ ಬೇಳೆ, ನೀರು ಸರಿಯಾಗಿ ಹಾಕಿದೆ. ಉಪ್ಪಿಗೆ ಬರುವಷ್ಟರಲ್ಲಿ ಕಿಟಕಿಯ ಆಚೆ ಯಾವುದೋ ಹಕ್ಕಿ ಕೂಗಿತು, ಅತ್ತ ನೋಡಿದೆ. ಕೈ ಡಬ್ಬಿಗೆ ಇಳಿಯಿತು, ಮುಷ್ಟಿ ತುಂಬಿ ಎದ್ದಿತು, ಪಾತ್ರೆಗೆ ಬಿಟ್ಟಿತು.

ಚಿನಕುರುಳಿ ಒಂದು ತುತ್ತು ಬಾಯಿಗಿಟ್ಟು, "ತಾತ, ಇದು ಸಮುದ್ರ" ಅಂದಳು.

ಮಗ ಎರಡು ಚೊಂಬು ನೀರು ಕುಡಿದು, "ಚೆನ್ನಾಗಿದೆ ಅಪ್ಪ" ಅಂದ.

ಸೊಸೆ ಮಾತ್ರ ನಿಜ ಹೇಳಿದಳು. "ಮಾವ, ಉಪ್ಪಿನ ಡಬ್ಬಿ ಇನ್ನು ಮೇಲಿನ ಹಲಗೆ ಮೇಲಿಡ್ತೀನಿ. ಸ್ಟೂಲ್ ಹತ್ತೋವಾಗ ನಿಮಗೆ ನೆನಪಾಗುತ್ತೆ."

ಚೆಲ್ಲಲಿಲ್ಲ ಅಕ್ಕ. ಉಪ್ಪಿಲ್ಲದ ಅನ್ನಕ್ಕೆ, ಉಪ್ಪಿಲ್ಲದ ಆಲೂಗಡ್ಡೆಗೆ ಒಂದೊಂದು ಸೌಟು ಇದನ್ನೇ ಬೆರೆಸುತ್ತೇನೆ. ಇನ್ನು ಮೂರು ದಿನ ಮನೆಯಲ್ಲಿ ಇದೇ ಉಪ್ಪು.

ಸೆಪ್ಟೆಂಬರ್ 6, ಶನಿವಾರ

ಕಾರ್ಡು ಪೆಟ್ಟಿಗೆಗೆ ಹಾಕಿ ಬಂದೆ. ಹಿಂತಿರುಗುವಾಗ ಕಾಲು ಭಾರವಾಗಿತ್ತು. ಹೊಸ ಚಪ್ಪಲಿ ಅಲ್ಲ, ಹಳೆಯದೇ.

ಸೆಪ್ಟೆಂಬರ್ 9, ಮಂಗಳವಾರ

ಅಡಿಗೆಮನೆಯ ಹಲಗೆಗಳನ್ನೆಲ್ಲ ಕೆಳಗಿಳಿಸಿ ಒರೆಸಿದೆ. ಅಕ್ಕಿ, ಕೆಂಪು ಬೇಳೆ, ಗೋಧಿ ಹಿಟ್ಟು, ಬಿಸ್ಕತ್ತಿನ ದೊಡ್ಡ ಡಬ್ಬಿಯ ತುಂಬ ಕಡಲೆಕಾಳು, ಎಣ್ಣೆ, ಒಂದು ಬುಟ್ಟಿ ಈರುಳ್ಳಿ, ಆಲೂಗಡ್ಡೆ. ಹೊಸದಾಗಿ ಏನೂ ತರದೆ ತಿಂಗಳು ದಾಟಬೇಕು. ಕ್ಯಾಂಟೀನಿನಲ್ಲಿ ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದ: ಇವತ್ತು ಏನು ತಿನ್ನೋಣ ಅಂತ ಯೋಚಿಸುವವನು ಮನೆಯಜಮಾನ, ನಾಳೆ ಏನು ಕೆಡುತ್ತದೆ ಅಂತ ಯೋಚಿಸುವವನು ಅಡಿಗೆಯವನು. ಮೊಳಕೆ ಬರುತ್ತಿದ್ದ ಆಲೂಗಡ್ಡೆ ಮೊದಲು ತೆಗೆದೆ. ಮೊಳಕೆ ಕಿತ್ತು, ಹಸಿರಾದದ್ದನ್ನು ಕೆತ್ತಿ ಬಿಸಾಡಿ, ಉಳಿದದ್ದು ಬೇಯಿಸಿದೆ. ಒಳ್ಳೆಯ ಗಡ್ಡೆಗಳ ಸಿಪ್ಪೆ ತೊಳೆದು ಒರೆಸಿ ಒಂದು ಚಮಚ ಎಣ್ಣೆಯಲ್ಲಿ ಗರಿಗರಿ ಹುರಿದೆ. ಅನ್ನದ ಗಂಜಿ ಬಸಿದು ಇಟ್ಟುಕೊಂಡು ಅದರಲ್ಲೇ ಬೇಳೆ ಬೇಯಿಸಿದೆ, ಸಾರು ತಾನಾಗಿ ಮಂದವಾಯಿತು. ಈರುಳ್ಳಿ ಸಣ್ಣಗೆ ಹೆಚ್ಚಿ ಸಣ್ಣ ಉರಿಯಲ್ಲಿ, ಅವಸರ ಮಾಡದೆ, ಕಂದು ಬಣ್ಣ ಬರುವ ತನಕ ಬಾಡಿಸಿದೆ. ಬಡವರ ಪಾತ್ರೆಗೆ ಸಾಹುಕಾರರ ವಾಸನೆ ಕೊಡುವುದು ಅದೊಂದೇ.

ಇಷ್ಟಾದ ಮೇಲೆ ಆದದ್ದು ಕೇಳು.

"ನನಗೆ ಹಸಿವಿಲ್ಲ, ನೀವು ತಿನ್ನಿ," ಅಂದ ಮಗ.

"ನನಗೂ ಅಷ್ಟೇ ಕಣೋ, ಮಧ್ಯಾಹ್ನದ್ದೇ ಕರಗಿಲ್ಲ," ಅಂದೆ. ಮಧ್ಯಾಹ್ನ ನಾನು ತಿಂದದ್ದು ಗಂಜಿ ನೀರು.

"ಲಾಂಡ್ರಿಯಲ್ಲಿ ಟೀ ಕೊಟ್ರು, ಹೊಟ್ಟೆ ತುಂಬಿದೆ," ಅಂದಳು ಸೊಸೆ.

ಚಿನಕುರುಳಿ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡಳು. "ಹಾಗಾದ್ರೆ ಅಷ್ಟೂ ನಂಗೇನಾ? ಹೊಟ್ಟೆನೋವು ಬಂದ್ರೆ ನಿಮ್ಮ ತಲೆಗೇ ಬರುತ್ತೆ, ಈಗಲೇ ಹೇಳಿದೀನಿ."

ಆಗ ಕ್ಯಾಂಟೀನು ನೆನಪಾಯಿತು. ಅಲ್ಲಿ ಹಸಿವಿದೆಯೇ ಅಂತ ಯಾರನ್ನೂ ಕೇಳುವುದಿಲ್ಲ, ಸಾಲಿನಲ್ಲಿ ನಿಂತವನ ತಟ್ಟೆಗೆ ಸೌಟು ಬೀಳುತ್ತದೆ, ಅಷ್ಟೇ. "ಏಳಿ ಎಲ್ಲರೂ," ಅಂದೆ. "ತಟ್ಟೆ ಹಿಡಿದು ಸಾಲಾಗಿ ನಿಲ್ಲಿ. ಚಿಕ್ಕವರು ಮುಂದೆ. ಅಡಿಗೆಯವನು ಕೊನೆಗೆ, ಆದರೆ ಅವನೂ ತಿನ್ನುತ್ತಾನೆ. ತಿನ್ನದ ಅಡಿಗೆಯವನ ಕೈಗೆ ಉಪ್ಪು ತಿಳಿಯೋದಿಲ್ಲ."

"ಅದು ಮೊನ್ನೆ ಗೊತ್ತಾಯ್ತು," ಅಂದಳು ಸೊಸೆ. ಆದರೂ ಎದ್ದು ನಿಂತಳು. ಮಗನೂ ನಿಂತ. ಮೂರು ಹೆಜ್ಜೆ ಅಗಲದ ಅಡಿಗೆಮನೆಯಲ್ಲಿ ನಾವು ನಾಲ್ಕು ಜನದ ಸಾಲು. ಎಲ್ಲರಿಗೂ ಒಂದೇ ಅಳತೆ ಬಡಿಸಿದೆ. ಎಲ್ಲರೂ ತಿಂದೆವು. ಹಸಿವಿಲ್ಲದವರ ತಟ್ಟೆ ತೊಳೆಯುವುದೇ ಬೇಕಿರಲಿಲ್ಲ, ಅಷ್ಟು ಚೊಕ್ಕಟ.

ಸೆಪ್ಟೆಂಬರ್ 12, ಶುಕ್ರವಾರ

ಬರೆಯಲು ನಾಚಿಕೆಯಾಗುತ್ತದೆ.

ಗಿರಣಿಯಲ್ಲಿ ಶುಕ್ರವಾರ ಕಡಲೆಯ ದಿನ. ಗುರುವಾರ ಸಂಜೆ ನನ್ನ ಕೊನೆಯ ಕೆಲಸವೆಂದರೆ ಕಾಳಿನ ಡಬ್ಬಿಗಳನ್ನು ತೊಟ್ಟಿಗೆ ಸುರಿದು ನೀರು ಬಿಡುವುದು. ನಿನ್ನೆ ಗುರುವಾರ. ಚಿನಕುರುಳಿ ಪಕ್ಕದಲ್ಲಿ ಕೂತು ಹದಿಮೂರರ ಮಗ್ಗಿ ಒಪ್ಪಿಸುತ್ತಿದ್ದಳು, ನಾನು ತಪ್ಪು ತಿದ್ದುವ ಹುಮ್ಮಸ್ಸಿನಲ್ಲಿದ್ದೆ. ಕೈ ತನ್ನ ಪಾಡಿಗೆ ತಾನು ಬಿಸ್ಕತ್ತಿನ ಡಬ್ಬಿ ಎತ್ತಿ, ಕೊನೆಯ ಕಾಳಿನವರೆಗೂ ಬಕೆಟ್ಟಿಗೆ ಸುರಿದು, ನೀರು ತುಂಬಿ, ಮೇಲೊಂದು ತಟ್ಟೆ ಮುಚ್ಚಿತು.

ಬೆಳಿಗ್ಗೆ ನೋಡಿದರೆ ತಟ್ಟೆ ನೆಲದ ಮೇಲಿತ್ತು. ಕಾಳು ಉಬ್ಬಿ, ಅದನ್ನು ತಳ್ಳಿ, ಬಕೆಟ್ಟಿನ ಅಂಚು ದಾಟಿ ನೆಲಕ್ಕೂ ಇಳಿದಿತ್ತು.

"ಮಾವ, ಎಷ್ಟು ಹಾಕಿದ್ರಿ?" ಸೊಸೆ ಕೇಳಿದಳು.

"ಡಬ್ಬಿ."

"ಡಬ್ಬೀಲಿ ಎಷ್ಟು?"

"ಡಬ್ಬಿ."

ಅವಳು ಖಾಲಿ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು, ಮುಚ್ಚಿದಳು, ಮತ್ತೆ ತೆಗೆದು ನೋಡಿದಳು. ವಾರಕ್ಕೆರಡು ದಿನದಂತೆ ತಿಂಗಳ ಕೊನೆಯವರೆಗೂ ಬರಬೇಕಾದ ಕಾಳು. ಬೈದಿದ್ದರೆ ಹಗುರವಾಗುತ್ತಿತ್ತು. ಟೀ ಕುಡಿಯದೆ ಕೆಲಸಕ್ಕೆ ಹೋದಳು.

"ಒಣಗಿಸಿದ್ರೆ ಆಗಲ್ವಾ ಅಪ್ಪ?" ಮಗ ಕೇಳಿದ.

"ಇಷ್ಟನ್ನ ಒಣಗಿಸೋ ಹೊತ್ತಿಗೆ ಹುಳಿ ಬರುತ್ತೆ ಕಣೋ. ನೆನೆದ ಕಾಳು ಹಿಂದಕ್ಕೆ ಹೋಗಲ್ಲ."

ಚಿನಕುರುಳಿಗೆ ಮಾತ್ರ ಖುಷಿ. "ತಾತ, ಇವತ್ತು ಮುನ್ನೂರು ಜನ ಊಟಕ್ಕೆ ಬರ್ತಾರಾ?"

ಅಕ್ಕ, ನಾನು ಆದಷ್ಟು ಬೇಗ ನಿನ್ನ ಮನೆಗೆ ಬರುವುದೇ ಇವರಿಗೆ ಕ್ಷೇಮ. ಬಾಯಿ ಒಂದು ಹೆಚ್ಚಾದರೆ ಸಹಿಸಬಹುದು, ಇಂಥ ಕೈ ಹೆಚ್ಚಾದರೆ ಮನೆ ಉಳಿಯುವುದಿಲ್ಲ.

ಸೆಪ್ಟೆಂಬರ್ 13, ಶನಿವಾರ

ಒಂದು ಪಾಲು ಈರುಳ್ಳಿ ಹಾಕಿ ಬೇಯಿಸಿದೆ. ಒಂದು ಪಾಲು ರುಬ್ಬಿ, ಬಿಲ್ಲೆ ತಟ್ಟಿ, ಕಾವಲಿಯ ಮೇಲೆ ಸುಟ್ಟೆ. ಒಂದು ಪಾಲು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆಗೆ ಬಿಟ್ಟೆ. ಆದರೂ ಬಕೆಟ್ಟಿನ ಮಟ್ಟ ಇಳಿಯಲೊಲ್ಲದು. ಕೊನೆಗೆ ಬೆಂದದ್ದನ್ನು ಎರಡು ಬಟ್ಟಲಿಗೆ ತುಂಬಿ ಮೆಟ್ಟಿಲಿಳಿದೆ.

ಕೆಳಮನೆಯ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಆಗತಾನೇ ಬಂದಿದ್ದರು. "ಏನ್ರೀ ಯಜಮಾನ್ರೇ, ಯಾರ ಮದುವೆ? ನನ್ನ ಬಿಟ್ಟು ಮಾಡ್ಬಿಟ್ರಾ?"

"ಮದುವೆ ಅಲ್ಲಮ್ಮ, ಕೈತಪ್ಪು."

"ಇಂಥ ಕೈತಪ್ಪು ದಿನಾ ಆಗ್ಲಿ. ಮೂರು ದಿನದಿಂದ ಬ್ರೆಡ್ಡು ತಿಂದು ತಿಂದು ನಾನೇ ಬ್ರೆಡ್ಡಿನ ಥರ ಆಗಿದೀನಿ."

ಎದುರು ಬಾಗಿಲಿನ ಗಡಿಯಾರ ರಿಪೇರಿಯವರು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡೇ ಬಾಗಿಲು ತೆರೆದರು. ಒಂಟಿ ಮನುಷ್ಯ. ಒಂದು ಕಾಳನ್ನು ಬೆರಳಲ್ಲಿ ಹಿಡಿದು ಆ ಗಾಜಿನಿಂದಲೇ ನೋಡಿದರು. "ಸರಿಯಾಗಿ ಬೆಂದಿದೆ," ಅಂದರು. ನಾನು ಬಾಗಿಲಲ್ಲಿ ನಿಂತಿರುವಾಗಲೇ, ನಿಂತುಕೊಂಡೇ, ಬಟ್ಟಲು ಮುಗಿಸಿದರು.

ಸೆಪ್ಟೆಂಬರ್ 15, ಸೋಮವಾರ

ಬಟ್ಟಲುಗಳು ವಾಪಸ್ ಬಂದವು. ನರ್ಸಮ್ಮನ ಬಟ್ಟಲಿನಲ್ಲಿ ನಾಲ್ಕು ಮೊಟ್ಟೆ. "ಖಾಲಿ ಬಟ್ಟಲು ಕೊಟ್ರೆ ನಮ್ಮಮ್ಮ ಸತ್ತಲ್ಲಿಂದ ಎದ್ದು ಬಂದು ಬೈತಾರೆ," ಅಂದರು. ಗಡಿಯಾರದವರ ಬಟ್ಟಲಿನಲ್ಲಿ ಬೆಳ್ಳುಳ್ಳಿ ಗಡ್ಡೆ, ಎಲ್ಲವೂ ಒಂದೇ ಗಾತ್ರದವು. ಆರಿಸಿ ಹಾಕಿರಬೇಕು.

ಮೊಳಕೆ ಬೆರಳಿನ ಉಗುರಿನಷ್ಟು ಬಂದಿದೆ. ಸೊಸೆ ಸಂಜೆ ಬಟ್ಟೆ ಬಿಚ್ಚಿ ನೋಡಿ, ಒಂದು ಹಿಡಿ ಹಸಿಯಾಗಿಯೇ ಬಾಯಿಗೆ ಹಾಕಿಕೊಂಡಳು. ಶುಕ್ರವಾರದಿಂದ ಮೊದಲ ಸಲ ನನ್ನೊಡನೆ ಮಾತಾಡಿದಳು. "ಉಪ್ಪು ಕಡಿಮೆ ಮಾವ." ಉಪ್ಪು ಹಾಕಿಯೇ ಇರಲಿಲ್ಲ. ಇಬ್ಬರೂ ನಕ್ಕೆವು.

ಸೆಪ್ಟೆಂಬರ್ 18, ಗುರುವಾರ

ನರ್ಸಮ್ಮ ಒಂದು ಚೀಲ ಅಕ್ಕಿ ಹೊತ್ತುಕೊಂಡು ಮೇಲೆ ಬಂದರು. ಹಿಂದೆ ಮೇಲ್ಮನೆಯ ಮೂವರು ಕಾಲೇಜು ಹುಡುಗಿಯರು, ಕೈಯಲ್ಲಿ ಬೇಳೆಯ ಪೊಟ್ಟಣ, ಎಣ್ಣೆ, ಹಿಟ್ಟು. ಅವರಿಗೆ ಅಡಿಗೆ ಬಾರದು, ಸಾಮಾನು ಮಾತ್ರ ಮನೆಯಿಂದ ಬರುತ್ತದಂತೆ. ಹುಳ ಹಿಡಿಯುವ ತನಕ ಇಟ್ಟು ಎಸೆಯುತ್ತಾರಂತೆ. ಅದನ್ನು ಕೇಳಿ ನನ್ನ ಹೊಟ್ಟೆ ಉರಿಯಿತು.

"ನೀವು ಬೇಯಿಸಿ, ನಾವು ಸಾಮಾನು ಹಾಕ್ತೀವಿ. ಗಡಿಯಾರದೋರೂ ಸೇರ್ತಾರಂತೆ," ಅಂದರು ನರ್ಸಮ್ಮ.

ಅವರು ಹೋದ ಮೇಲೆ ಸೊಸೆ ಅಡಿಗೆಮನೆಯ ಬಾಗಿಲು ಮುಂದೆ ಮಾಡಿದಳು. "ಮಾವ, ನಾವು ಬೇರೆಯವರ ಅಕ್ಕಿ ತಿನ್ನೋ ಮಟ್ಟಕ್ಕೆ ಬಂದ್ವಾ?"

"ಅವರೂ ನಮ್ಮ ಬೇಳೆ ತಿಂತಾರಲ್ಲಮ್ಮ."

"ಜನ ಹಾಗೆ ನೋಡಲ್ಲ. ಕೆಲಸ ಹೋಯ್ತು, ಮೆಟ್ಟಿಲು ಮೆಟ್ಟಿಲಲ್ಲೂ ಬೇಡ್ಕೊಂಡು ತಿಂತಾರೆ ಅಂತಾರೆ."

ನನಗೆ ಗೊತ್ತಿದ್ದದ್ದನ್ನು ಹೇಳಿದೆ. "ಗಿರಣೀಲಿ ಮ್ಯಾನೇಜರೂ ಅದೇ ಸಾಲಲ್ಲಿ ನಿಲ್ತಿದ್ದ, ಕಸ ಗುಡಿಸೋನೂ ನಿಲ್ತಿದ್ದ. ಸೌಟು ಒಂದೇ. ಒಂಬತ್ತು ಜನಕ್ಕೆ ನಾಲ್ಕು ಒಲೆ ಉರಿಸೋದು ಯಾವ ಜಾಣತನ, ನೀನೇ ಹೇಳು."

ಅವಳು ಒದ್ದೆ ಕೈ ಒರೆಸಿಕೊಂಡಳು. "ಹಾಗಾದ್ರೆ ನಾವು ನಾಲ್ಕು ಜನ. ನಾಲ್ಕು ಪಾಲು ನಾವು ಹಾಕ್ಬೇಕು. ಒಂದು ಲೋಟ ಕಡಿಮೆ ಆಗ್ಬಾರದು."

"ಆಗಲ್ಲ."

"ಮತ್ತೆ ಉಪ್ಪು ನಾನು ಹಾಕ್ತೀನಿ."

ಒಪ್ಪಿದೆ.

ಸೆಪ್ಟೆಂಬರ್ 21, ಭಾನುವಾರ

ಇವತ್ತು ಆನೆ ಇಳಿಯಿತು. ನಾನು ನಿವೃತ್ತನಾದ ದಿನ ಕ್ಯಾಂಟೀನಿನವರು ಕೊಟ್ಟ ಪಾತ್ರೆ ನಿನಗೆ ನೆನಪಿದೆಯಲ್ಲ, ಅಕ್ಕ? ಅಲ್ಲಿ ಅದು ಎಲ್ಲಕ್ಕಿಂತ ಚಿಕ್ಕದು. ಇಲ್ಲಿ ಬೀರುವಿನ ಮೇಲೆ ಹಳೆಯ ಕಂಬಳಿ ತುಂಬಿಕೊಂಡು ಕೂತಿತ್ತು. ಚಿನಕುರುಳಿ ಇಟ್ಟ ಹೆಸರು ಆನೆ. ತಳ ದಪ್ಪ, ಎಷ್ಟು ಹೊತ್ತು ಬೆಂದರೂ ಹಿಡಿಯುವುದಿಲ್ಲ.

ಕಂಬಳಿ ಕೊಡವಿ, ಬೂದಿ ಹಾಕಿ ಉಜ್ಜಿ, ಒಲೆಯ ಮೇಲಿಟ್ಟರೆ ಒಂದು ಕಡೆ ವಾಲಿತು. ಮನೆಯ ಒಲೆ ಅದರ ಪಾದಕ್ಕೆ ಸಾಲದು. ಗೋಡೆ ನೋಡುತ್ತಿದ್ದ ಮಗ ಎದ್ದು ಬಂದ. ಬಗ್ಗಿ ನೋಡಿದ, ಗೇಣು ಹಾಕಿ ಅಳೆದ, ತಾರಸಿಗೆ ಹೋದ. ಅಲ್ಲಿ ಬಿದ್ದಿದ್ದ ಮುರುಕು ಮಂಚದ ಕಬ್ಬಿಣ ಕೊಯ್ಯುವ ಸದ್ದು, ಆಮೇಲೆ ಅರ ತಿಕ್ಕುವ ಸದ್ದು ಮೂರು ತಾಸು ಕೇಳಿತು. ಎರಡು ತಿಂಗಳ ಮೇಲಾಗಿತ್ತು ಆ ಸದ್ದು ಕೇಳಿ. ಗಡಿಯಾರದವರು ಮೇಲೆ ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದರಂತೆ.

"ಕೂದಲೆಳೆ ಹೆಚ್ಚಾಯ್ತು," ಅಂದರಂತೆ ಅವರು.

"ಇದು ಪಾತ್ರೆಗೆ ಸ್ವಾಮಿ, ವಾಚಿಗಲ್ಲ," ಅಂದನಂತೆ ಇವನು. ಆದರೂ ಆ ಕೂದಲೆಳೆಯನ್ನು ತಿಕ್ಕಿ ತೆಗೆದನಂತೆ.

ಆ ಕಬ್ಬಿಣದಲ್ಲೇ ಮಾಡಿದ ಮುಕ್ಕಾಲಿ ತಂದು ಒಲೆಯ ಮೇಲಿಟ್ಟ. ಆನೆ ಕಲ್ಲಿನ ಹಾಗೆ ಕೂತಿತು. ಬೇಳೆ ಸಾರಿಗೆ ಹಿಟ್ಟಿನ ಉಂಡೆ ಬಿಟ್ಟು ಬೇಯಿಸಿದೆ, ಮೇಲೆ ಕಂದು ಈರುಳ್ಳಿ. ಕೈಗೆ ಲೆಕ್ಕ ಹೇಳಿಕೊಡುವ ಕೆಲಸವೇ ಬರಲಿಲ್ಲ. ಒಂಬತ್ತು ಜನವೂ ಅದಕ್ಕೆ ಕಡಿಮೆಯೇ, ಆದರೆ ಪಾತ್ರೆ ನೋಡಿ ಅದಕ್ಕೆ ಸಮಾಧಾನವಾದಂತಿತ್ತು. ಸಾಲು ಬಾಗಿಲು ದಾಟಿ ಮೆಟ್ಟಿಲವರೆಗೂ ಹೋಯಿತು. ಮಗ ಎರಡನೇ ಸಲ ತಟ್ಟೆ ಹಿಡಿದು ಬಂದ. ನಾನು ನೋಡದವನಂತೆ ಸೌಟು ತುಂಬಿ ಹಾಕಿದೆ.

ಸೆಪ್ಟೆಂಬರ್ 25, ಗುರುವಾರ

ನಿನ್ನ ಕಾರ್ಡು ಬಂತು. ಕೆಳಗೆ ಅಂಚೆಯವನ ಕೈಯಿಂದ ಮಗ ತಂದು ಉಪ್ಪಿನ ಡಬ್ಬಿಯ ಕೆಳಗೆ ಸಿಕ್ಕಿಸಿದ್ದ. "ಅತ್ತೆಯ ಕಾರ್ಡು ಬಂದಿದೆ ಅಪ್ಪ," ಅಂದು ಕೈ ತೊಳೆಯಲು ಹೋದ. ಬಹಳ ಹೊತ್ತು ತೊಳೆದ. ಅವನಿಗೆ ಬೇರೆಯವರ ಕಾಗದ ಓದುವ ಚಾಳಿಯಿಲ್ಲ, ಅದೊಂದು ಒಳ್ಳೆಯದು.

ಕೇಳುವುದೇನಿದೆ, ಬಾ ಎಂದಿದ್ದೀಯೆ. ಕಿಟಕಿಯ ಪಕ್ಕ ಮಂಚ ಹಾಕಿಸಿದ್ದೀಯೆ. ಇಸ್ಪೀಟಿಗೆ ಜೊತೆ ಸಿಕ್ಕಿತೆಂದು ಭಾವ ಕುಣಿಯುತ್ತಿದ್ದಾರೆ, ಆ ಮೊಣಕಾಲಿನಲ್ಲಿ. ಅಕ್ಟೋಬರ್ ನಾಲ್ಕು, ಶನಿವಾರ, ಲಾರಿ ಈ ದಾರಿಯಲ್ಲಿ ಬರುತ್ತದೆ, ತಯಾರಾಗಿರು ಎಂದಿದ್ದೀಯೆ.

ಸಂತೋಷವಾಯಿತು ಅಕ್ಕ. ಸಂತೋಷದಲ್ಲಿ ಈರುಳ್ಳಿ ಸೀದುಹೋಯಿತು.

ಸೆಪ್ಟೆಂಬರ್ 27, ಶನಿವಾರ

ಹುಡುಗಿಯರಲ್ಲಿ ಒಬ್ಬಳಿಗೆ ಈರುಳ್ಳಿ ಹೆಚ್ಚಲು ಕಲಿಸಿದೆ. ಅತ್ತು ಅತ್ತು ಕಲಿತಳು.

ಸೆಪ್ಟೆಂಬರ್ 30, ಮಂಗಳವಾರ

ನಾನು ಹೋದ ಮೇಲೆ ಇವರು ಪರದಾಡಬಾರದು ಎಂದು ಮಗನಿಗೆ ಅಡಿಗೆ ಹೇಳಿಕೊಡುತ್ತಿದ್ದೇನೆ. ಯಾಕೆಂದು ಹೇಳಿಲ್ಲ, ಅವನೂ ಕೇಳಲಿಲ್ಲ. ಎಂಥೆಂಥ ಯಂತ್ರ ಬಿಚ್ಚಿ ಜೋಡಿಸುವವನು, ಅನ್ನಕ್ಕೆ ನೀರೆಷ್ಟು ಎಂದು ನಾಲ್ಕು ಸಲ ಕೇಳಿದ.

"ನಿಮ್ಮಷ್ಟು ನನಗೆ ಬರಲ್ಲ ಬಿಡಿ ಅಪ್ಪ," ಅಂದ.

"ಬರುತ್ತೆ ಕಣೋ. ನನಗೇನು ಹುಟ್ಟುತ್ತಲೇ ಬಂದಿತ್ತಾ?"

ಕಡಲೆ ನೆನೆಸುವುದು ಮಾತ್ರ ಒಂದೇ ಸಲಕ್ಕೆ ಕಲಿತ. ಒಂಬತ್ತು ಜನಕ್ಕೆ ನಾಲ್ಕು ಲೋಟ. ಪ್ರತಿ ಲೋಟವನ್ನೂ ತುಂಬಿ ಮೇಲೆ ಬೆರಳಿನಿಂದ ಸವರುತ್ತಾನೆ, ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. ನೋಡಿ ಹೆಮ್ಮೆಯಾಯಿತು.

ಇನ್ನೊಂದು ಸುದ್ದಿ. ಸೊಸೆಯ ಲಾಂಡ್ರಿಯಲ್ಲಿ ಉಗಿಯ ಬಾಯ್ಲರ್ ಸೋರುತ್ತಿತ್ತು. ತನ್ನ ಗಂಡನನ್ನು ಕರೆದು ತೋರಿಸಿ ಎಂದು ಇವಳೇ ಹೇಳಿದ್ದಾಳೆ. ನಿನ್ನೆ ಹೋಗಿ ಸರಿಮಾಡಿದ. ಇನ್ನು ವಾರಕ್ಕೆ ಮೂರು ದಿನ ಬಾ ಎಂದಿದ್ದಾರೆ. ಮೂರು ದಿನ ಅಂದರೆ ಅರ್ಧ ಕೆಲಸ, ಆದರೆ ಅವನು ಇವತ್ತು ಅಂಗಿಯನ್ನು ಮೊಳೆಗೆ ತಗುಲಿಸಲಿಲ್ಲ, ಎಣ್ಣೆ ಕಲೆಯಾಗಿತ್ತು, ತೊಳೆಯಲು ಹಾಕಿದ.

ಹಾಗಾದರೆ ನಾನು ಹೋಗಲೇಬೇಕಾದಷ್ಟು ಈಗ ಬಿಗಿಯಿಲ್ಲ ಅಂತ ನೀನು ಅನ್ನಬಹುದು. ಅದು ಸರಿಯೇ. ಆದರೆ ಮಂಚ ಹಾಕಿಸಿದ್ದೀಯೆ. ಹೇಳಿದ ಮಾತು ಹೇಳಿದ ಹಾಗಿರಬೇಕು. ಮತ್ತೆ ಅರ್ಧ ಕೆಲಸದಲ್ಲಿ ಒಂದು ಹೆಚ್ಚಿನ ಬಾಯಿ, ಹೆಚ್ಚೇ.

ಅಕ್ಟೋಬರ್ 3, ಶುಕ್ರವಾರ

ಹೇಳಿದೆ. ಮಧ್ಯಾಹ್ನ, ಸಾಲಿನಲ್ಲಿ ಎಲ್ಲರೂ ತಟ್ಟೆ ಹಿಡಿದು ನಿಂತಿದ್ದಾಗ. ಸೊಸೆಗೆ ಇವತ್ತು ಅರ್ಧ ದಿನದ ಕೆಲಸ, ಊಟವಾದ ಮೇಲೆ ಹೋದರೆ ಸಾಕು. ಕೂತು ಹೇಳಲು ಧೈರ್ಯವಿರಲಿಲ್ಲ, ಸೌಟು ಕೈಯಲ್ಲಿದ್ದರೆ ನನಗೆ ಮಾತು ಬರುತ್ತದೆ.

"ನಾಳೆ ಅಕ್ಕನ ಮನೆಗೆ ಹೊರಟಿದೀನಿ. ಸ್ವಲ್ಪ ದಿನ. ಹವಾ ಬದಲಾವಣೆ ಆಗುತ್ತೆ."

ಮಗ ತಟ್ಟೆಯನ್ನು ನೋಡುತ್ತಿದ್ದ. ನರ್ಸಮ್ಮ, "ಈ ಹವಾಗೆ ಏನಾಗಿದೆ?" ಅಂದರು. ಚಿನಕುರುಳಿ ಹಿಂತಿರುಗಿ ಸಾಲಿನ ಉದ್ದ ನೋಡಿ ಕೇಳಿದಳು, "ತಾತ, ನೀನು ಹೋದ್ರೆ ಕೊನೇಲಿ ನಿಲ್ಲೋರು ಯಾರು?"

"ನಿಮ್ಮಪ್ಪ."

"ಅವರು ಕೊನೇಲಿ ನಿಂತ್ರೆ ಹಸಿವಿಲ್ಲ ಅಂತಾರೆ."

ಬಡಿಸುತ್ತಿದ್ದೆ, ಸಾರಿನ ಹಬೆ ಕಣ್ಣಿಗೆ ಬಂತು.

ಸೊಸೆ ಊಟವಾದ ಮೇಲೆ ಬಂದು, "ನಿಮ್ಮ ಅಂಗಿಗಳನ್ನೆಲ್ಲ ಕೊಡಿ ಮಾವ. ನಿಮ್ಮ ಅಕ್ಕನ ಮನೇಲಿ ಸುಕ್ಕಾಗಿ ಓಡಾಡಿದ್ರೆ ನನಗೇ ಹೆಸರು ಬರುತ್ತೆ. ಲಾಂಡ್ರಿಯಲ್ಲಿ ಚೆನ್ನಾಗಿ ಇಸ್ತ್ರಿ ಮಾಡ್ಕೊಂಡು ಬರ್ತೀನಿ," ಅಂತ ನಾಲ್ಕೂ ಅಂಗಿ ತೆಗೆದುಕೊಂಡು ಹೋದಳು. ಸಂಜೆ ಬರಿಗೈಲಿ ಬಂದಳು. "ಅಯ್ಯೋ, ಅಲ್ಲೇ ಬಿಟ್ಟು ಬಂದೆ. ಈಗ ಬೀಗ ಹಾಕಿರ್ತಾರೆ. ನಾಳೆ ರಜೆ, ಇನ್ನು ಸೋಮವಾರವೇ."

ಇಷ್ಟು ಚುರುಕಿನ ಹುಡುಗಿ. ದಣಿವಿಗೆ ಮರೆವು ಬರುತ್ತದೆ, ಏನು ಮಾಡುವುದು. ಮೈಮೇಲಿರುವ ಅಂಗಿಯಲ್ಲೇ ಬರುತ್ತೇನೆ.

ಅಕ್ಟೋಬರ್ 4, ಶನಿವಾರ

ಅಕ್ಕ, ಬಯ್ಯಬೇಡ. ನಿನ್ನ ಮಗನ ಲಾರಿಯಲ್ಲಿ ನಾನಿಲ್ಲ. ಈ ಪುಟಗಳನ್ನೇ ಹರಿದು ಕಳಿಸುತ್ತಿದ್ದೇನೆ. ಕಾರ್ಡಿಗೆ ಇಳಿಸಲು ಪುರುಸೊತ್ತಿಲ್ಲ, ಒಲೆಯ ಮೇಲೆ ಆನೆ ಎರಡನೇ ಸುತ್ತಿಗೆ ಕುದಿಯುತ್ತಿದೆ.

ಆದದ್ದು ಹೀಗೆ. ಬೆಳಿಗ್ಗೆ ಚೀಲ ಭುಜಕ್ಕೆ ಹಾಕಿಕೊಂಡು, ಒಂದು ಲೋಟ ನೀರು ಕುಡಿಯಲು ಅಡಿಗೆಮನೆಗೆ ಹೋದೆ. ಕಾಲಿಗೆ ಏನೋ ಉರುಟಾದದ್ದು ಸಿಕ್ಕಿತು. ಕಡಲೆ. ಬಕೆಟ್ಟಿನ ಮೇಲಿನ ತಟ್ಟೆ ನೆಲದ ಮೇಲೆ ಬಿದ್ದಿದೆ, ಕಾಳು ಅಂಚು ದಾಟಿ ಇಳಿದಿದೆ. ನಮ್ಮ ಪಾಲೂ ಹುಡುಗಿಯರ ಪಾಲೂ ಸೇರಿ ಮೊನ್ನೆಯಷ್ಟೇ ತುಂಬಿಸಿದ್ದ ಡಬ್ಬಿ ಖಾಲಿ.

"ಯಾರ ಕೆಲಸವೋ ಇದು?" ಅಂದೆ.

ಮಗ ಬಾಗಿಲಲ್ಲಿ ನಿಂತಿದ್ದ. "ನಾನೇ ಅಪ್ಪ. ಕೈತಪ್ಪಾಯ್ತು."

"ಲೋಟದಲ್ಲಿ ಅಳೀತಿದ್ದೆಯಲ್ಲೋ."

"ಲೋಟ ಸಿಗಲಿಲ್ಲ."

ಲೋಟ ಅಲ್ಲೇ ಮೊಳೆಗೆ ನೇತಾಡುತ್ತಿತ್ತು. ಮೂರ್ಖ. ನನ್ನ ಮಗನೇ, ಸಂಶಯವಿಲ್ಲ. ಹಿಂದಿನಿಂದ ಸೊಸೆ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ.

"ಇಷ್ಟನ್ನ ಏನ್ ಮಾಡೋದು ಅಂತ ನನಗಂತೂ ಗೊತ್ತಿಲ್ಲ," ಅಂದ ಮಗ. "ನೆನೆದ ಕಾಳು ಹಿಂದಕ್ಕೆ ಹೋಗಲ್ಲ ಅಂತ ನೀವೇ ಹೇಳಿದ್ರಿ." ಇಷ್ಟು ಹೇಳಿ ನನ್ನ ಭುಜದಿಂದ ಚೀಲ ಇಳಿಸಿಕೊಂಡ. ಬೀರುವಿನ ಮೇಲೆ, ಆನೆ ಕೂತಿದ್ದ ಜಾಗದಲ್ಲಿ ಇಟ್ಟ.

ಅಷ್ಟರಲ್ಲಿ ಕೆಳಗೆ ಲಾರಿಯ ಹಾರನ್ನು. ನಿನ್ನ ಮಗ ಮೇಲೆ ಬಂದ. "ಹೊರಡೋಣವಾ ಮಾವ?"

"ಎಲ್ಲಿ ಹೊರಡೋದೋ? ಇಲ್ಲಿ ನೋಡು, ನಿನ್ನ ಭಾವ ಏನು ಮಾಡಿಟ್ಟಿದಾನೆ."

ಅವನು ಬಕೆಟ್ಟು ನೋಡಿದ, ತನ್ನ ಭಾವನ ಮುಖ ನೋಡಿದ, ಟೋಪಿ ತೆಗೆದು ಮೊಳೆಗೆ ಹಾಕಿದ. ಸೊಸೆ ಅವನಿಗೆ ತಟ್ಟೆ ಕೊಡುತ್ತ ಹೇಳಿದಳು, "ಮಾವನ್ನ ಕರ್ಕೊಂಡು ಹೋಗೋದಾದ್ರೆ ಆ ಪಾತ್ರೇನೂ ಹೊತ್ಕೊಂಡು ಹೋಗಿ. ನಮಗ್ಯಾರಿಗೂ ಅದನ್ನ ಎತ್ತೋಕೆ ಬರಲ್ಲ." ನರ್ಸಮ್ಮ ಕೆಳಗಿನಿಂದ ಬಂದು ನನ್ನ ತೋಳಿಗೆ ಪಟ್ಟಿ ಕಟ್ಟಿ, ರಕ್ತದೊತ್ತಡ ಪ್ರಯಾಣಕ್ಕೆ ಸರಿಯಿಲ್ಲ ಅಂದರು. ಹೋದ ವಾರ ಅವರೇ, ಇಪ್ಪತ್ತರ ಹುಡುಗನ ಹಾಗಿದೆ ಅಂದಿದ್ದರು. ಒಂದು ವಾರದಲ್ಲಿ ಎಷ್ಟೊಂದು ಬದಲಾಗುತ್ತದೆ ನೋಡು.

ನಿನ್ನ ಮಗ ಸಾಲಿನಲ್ಲಿ ನಿಂತು ಮೂರು ಸಲ ಹಾಕಿಸಿಕೊಂಡ. ಹೊತ್ತಿಗೆ ಉಣ್ಣುವುದಿಲ್ಲ ಎಂದು ನೀನು ಅನ್ನುತ್ತಿದ್ದುದು ಸುಳ್ಳು. ಕೊನೆಯಲ್ಲಿ ನಾನು ನನ್ನ ತಟ್ಟೆ ಎತ್ತಿಕೊಳ್ಳುವಷ್ಟರಲ್ಲಿ ಮಗ ನನ್ನ ಕೈಯಿಂದ ಸೌಟು ಕಿತ್ತುಕೊಂಡು ತಾನೇ ಬಡಿಸಿದ. ತುಂಬ ಹಾಕಿದ. ಅಳತೆ ಇನ್ನೂ ಬಂದಿಲ್ಲ ಅವನಿಗೆ. ಇನ್ನೊಂದಷ್ಟು ದಿನ ನಿಂತು ಕಲಿಸಬೇಕು.

ಆ ಮಂಚಕ್ಕೆ ಏನು ಮಾಡುವುದು ಎಂದು ನನಗೂ ಬೇಜಾರು. ಭಾವನನ್ನು ಅದರ ಮೇಲೆ ಮಲಗಿಸು, ಕಿಟಕಿಯ ಬಿಸಿಲು ಮೊಣಕಾಲಿಗೆ ಒಳ್ಳೆಯದು. ಇಲ್ಲವೇ ನೀವಿಬ್ಬರೇ ಒಮ್ಮೆ ಈ ಕಡೆ ಬನ್ನಿ. ಸಾಲಿನಲ್ಲಿ ಇಬ್ಬರು ಹೆಚ್ಚಾದರೆ ಏನೂ ಆಗುವುದಿಲ್ಲ, ಸಾರಿಗೆ ನೀರು ಸುರಿಯಬೇಕಾಗಿಲ್ಲ, ಕಾಳೇ ಜಾಸ್ತಿ ಇದೆ.

ನಿನ್ನ ಮಗನ ಕೈಯಲ್ಲಿ ಮುಚ್ಚಳದ ಡಬ್ಬಿಯೊಂದರ ತುಂಬ ಬೇಯಿಸಿದ ಕಡಲೆ ಕಳಿಸಿದ್ದೇನೆ. ಉಪ್ಪು ಸೊಸೆ ಹಾಕಿದ್ದಾಳೆ, ಭಯಪಡಬೇಡ. ಡಬ್ಬಿ ಹಿಂದಕ್ಕೆ ಕಳಿಸುವಾಗ ಖಾಲಿ ಕಳಿಸಬೇಡ. ನಮ್ಮ ನರ್ಸಮ್ಮನ ತಾಯಿ ಎದ್ದು ಬರುತ್ತಾರೆ. ಬೇರೇನೂ ಬೇಡ. ಎಲ್ಲರೂ ಹೇಗಿದ್ದೀರಿ ಅಂತ ನಾಲ್ಕು ಸಾಲು ಬರೆದು ಒಳಗಿಡು. ಲಾರಿ ಗುರುವಾರ ಮತ್ತೆ ಈ ದಾರಿಯಲ್ಲಿ ಬರುತ್ತದಂತೆ, ಅಷ್ಟರೊಳಗೆ ಬರಿ.